ಡ್ಯೂಟಿಯಲ್ಲಿ ಎಚ್ಚರವಾಗಿದ್ದವನು

ಹಾಸಿಗೆ ಫ್ಯಾಕ್ಟರಿಯಲ್ಲಿ ಹಾಸಿಗೆ ಹೊಲಿಯುವವರು ಬೇಕಾದಷ್ಟು ಜನ ಇರುತ್ತಾರೆ. ಆದರೆ ಹಾಸಿಗೆಯ ಜೊತೆ ತಾನೂ ಹೊಲಿಸಿಕೊಂಡು, ಪ್ಯಾಕ್ ಆಗಿ, ಗಿರಾಕಿಯ ಮನೆಗೆ ಡೆಲಿವರಿಯಾದವನು ಲೋಕದಲ್ಲಿ ಜೋಂಪಯ್ಯ ಒಬ್ಬನೇ ಇರಬೇಕು.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಅದು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಇನ್ಯಾರಿಗೂ ನೆನಪಿರಲಿಲ್ಲ. ಕೂತರೆ ಜೋಂಪು, ನಿಂತರೆ ಜೋಂಪು, ಮಾತಾಡುತ್ತಾ ಆಡುತ್ತಾ ಅರ್ಧ ವಾಕ್ಯದಲ್ಲೇ ಜೋಂಪು. ಸಂಬಳದ ಸಾಲಿನಲ್ಲಿ ನಿಂತ ಹಾಗೇ ನಿದ್ದೆಹೋದವನನ್ನು ಹಿಂದಿನವರು ಮುಂದಕ್ಕೆ ತಳ್ಳುತ್ತಾ ತಳ್ಳುತ್ತಾ ಕೌಂಟರಿನವರೆಗೆ ತಂದು ಸಹಿ ಹಾಕಿಸಿದ್ದರು. ಅವನ ಮದುವೆಯ ಆಲ್ಬಮ್ಮಿನಲ್ಲಿ ಒಂದು ಫೋಟೋದಲ್ಲೂ ಗಂಡಿನ ಕಣ್ಣು ತೆರೆದಿಲ್ಲ. ಹೆಣ್ಣು ಮಾತ್ರ ಇಬ್ಬರ ಪಾಲಿನದನ್ನೂ ತಾನೇ ತೆರೆದುಕೊಂಡು ಕೂತಿದ್ದಾಳೆ.

ಹಾಗಂತ ಸೋಮಾರಿ ಅಂದರೆ ನಾಲಿಗೆ ಬಿದ್ದುಹೋದೀತು. ಎಚ್ಚರವಿದ್ದಷ್ಟು ಹೊತ್ತು ಅವನು ನಾಲ್ಕು ಜನರ ಕೆಲಸ ಮಾಡುತ್ತಿದ್ದ. ಅವನು ಹೊಲಿದ ಅಂಚು ಇರುವೆ ಸಾಲು ಹೋದ ಹಾಗೆ. ಗಿರಾಕಿಗಳು ಮಲಗುವ ಮೊದಲು ಒಮ್ಮೆ ಕೈಯಾಡಿಸಿ ನೋಡುತ್ತಿದ್ದರು.

ಡೆಲಿವರಿಯ ಸಂಗತಿ ಆದದ್ದು ಹೀಗೆ. ಸಂಜೆ ಕೆಲಸ ಬಿಡುವ ಹೊತ್ತು. ಜೋಂಪಯ್ಯ ದೊಡ್ಡ ಯಂತ್ರದ ಮುಂದೆ ಕೂತು ಒಂದು ಜೋಡಿ ಹಾಸಿಗೆಯ ಅಂಚು ಹೊಲಿಯುತ್ತಿದ್ದ. ಪಕ್ಕದಲ್ಲಿ ನಿಂತ ಮೇಸ್ತ್ರಿ, ಹಲ್ಲಿ ಓಡಿಸಲೆಂದು ಹೆಂಡತಿ ತನ್ನನ್ನು ಬೀರುವಿನ ಮೇಲೆ ಹತ್ತಿಸಿದ್ದನ್ನೂ, ಹಲ್ಲಿ ಇಳಿದುಹೋದ ಮೇಲೂ ತಾನು ಇಳಿಯಲಾರದೆ ರಾತ್ರಿ ಊಟ ಅಲ್ಲೇ ಮಾಡಿದ್ದನ್ನೂ ಹೇಳಿ, ತನ್ನ ಮಾತಿಗೆ ತಾನೇ ನಗುತ್ತಾ ಆಚೆ ಹೋದ. ಜೋಂಪಯ್ಯನಿಗೆ ನಗು ಬಂತು. ನಗುವಿನ ಬೆನ್ನಿಗೇ ನಿದ್ದೆ ಬಂತು. ಎಡಕ್ಕೆ ವಾಲಿದವನು ಹಾಸಿಗೆಯ ಮೇಲೆ ದೊಪ್ಪನೆ ಬಿದ್ದ. ಯಂತ್ರಕ್ಕೇನು ಗೊತ್ತು, ಅದು ಹಾಸಿಗೆಯ ಅಂಚಿಗೆ ಅವನ ಅಂಗಿಯ ತೋಳನ್ನೂ ಪ್ಯಾಂಟಿನ ಒಂದು ಕಾಲನ್ನೂ ಸೇರಿಸಿ ಅಚ್ಚುಕಟ್ಟಾಗಿ ಹೊಲಿದು ನಿಂತಿತು. ಪ್ಯಾಕ್ ಮಾಡುವವರಿಗೆ ಮನೆಗೆ ಹೋಗುವ ಆತುರ. ಮೇಲೊಂದು ಬಟ್ಟೆ ಎಳೆದು ಹಗ್ಗ ಬಿಗಿದರು. ಹೊತ್ತವರು ಮಾತ್ರ ಈ ಸಲ ಹತ್ತಿ ಧಾರಾಳವಾಗಿ ತುಂಬಿದ್ದಾರೆ ಎಂದು ಕಂಪನಿಯನ್ನು ಹೊಗಳಿದರು.

ಹಾಸಿಗೆ ಹೋದದ್ದು ಹೊಸದಾಗಿ ಮದುವೆಯಾದವರ ಕೋಣೆಗೆ. ಗಂಡು ಹಗ್ಗ ಬಿಚ್ಚಿ, ಬಟ್ಟೆ ಸರಿಸಿದ. ಹೆಣ್ಣು ಕಿರುಚಿದ್ದಕ್ಕೆ ಮೂರು ಬೀದಿ ಆಚೆ ಹಾಲು ಒಡೆಯಿತಂತೆ. ಆ ಸದ್ದಿಗೆ ಎಚ್ಚೆತ್ತ ಜೋಂಪಯ್ಯ ಆಕಳಿಸಿ, ಶಿಫ್ಟು ಮುಗೀತಾ ಎಂದು ವಿಚಾರಿಸಿದ. ಗಂಡಿನ ತಾಯಿ ಗಟ್ಟಿಗಿತ್ತಿ, ವ್ಯವಹಾರಸ್ಥೆ. ಆಕೆ ಕನ್ನಡಕ ಸರಿಮಾಡಿಕೊಂಡು ಕೇಳಿದ್ದು ಒಂದೇ ಪ್ರಶ್ನೆ.

"ಇವರು ಹಾಸಿಗೆ ಜೊತೆಗೇ ಬರೋದಾ, ಇಲ್ಲಾ ಇವರಿಗೆ ಬೇರೆ ರೇಟಾ?"

ಮರುದಿನ ಫ್ಯಾಕ್ಟರಿಯ ಡಾಕ್ಟರಮ್ಮ ಅವನನ್ನು ಕೂರಿಸಿಕೊಂಡು ಬಹಳ ಹೊತ್ತು ಪರೀಕ್ಷಿಸಿದಳು. ಇದು ಕಾಯಿಲೆ, ಇದಕ್ಕೊಂದು ಹೆಸರಿದೆ ಎಂದಳು. ಆ ಹೆಸರು ಗೂಡ್ಸ್ ಗಾಡಿಯಷ್ಟು ಉದ್ದ. ಕೊನೆಯ ಡಬ್ಬಿ ದಾಟುವಷ್ಟರಲ್ಲಿ ಜೋಂಪಯ್ಯ ಮಲಗಿಬಿಟ್ಟಿದ್ದ. ಉಳಿದದ್ದನ್ನು ಕೇಳಿಸಿಕೊಂಡವಳು ಅವನ ಹೆಂಡತಿ. ಮೈಮನಸ್ಸು ಹಗುರವಾಗಿದ್ದರೆ ಕೂತಲ್ಲೇ ನಿದ್ದೆ ಬರುತ್ತದೆ. ನಗು ಉಕ್ಕಿದಾಗ, ಜೀವಕ್ಕೆ ಖುಷಿಯಾದಾಗ ಮೊಣಕಾಲೇ ಸಡಿಲ ಬಿಡುತ್ತದೆ. ಭಯ, ಗಾಬರಿ ಇದ್ದಾಗ ಬರದೆಯೂ ಇರಬಹುದು. ಬಾ ಅಂದರೆ ಬರುವುದಲ್ಲ, ಹೋಗು ಅಂದರೆ ಹೋಗುವುದಲ್ಲ.

ಹೆಂಡತಿಗೆ ಇದರಲ್ಲಿ ಹೊಸದೇನೂ ಇರಲಿಲ್ಲ. ಮದುವೆಯಾದಾಗಿನಿಂದ ದಿನಾ ಬೆಳಿಗ್ಗೆ ಅವನನ್ನು ರಸ್ತೆ ದಾಟಿಸಿ ಫ್ಯಾಕ್ಟರಿ ಗೇಟಿಗೆ ಬಿಟ್ಟು, ಸಂಜೆ ಬಂದು ಕರೆದುಕೊಂಡು ಹೋಗುವವಳು ಅವಳೇ. ನಡೆಯುವಾಗ ಯಾವಾಗಲೂ ಅವನ ಎಡಕ್ಕೇ ನಡೆಯುತ್ತಿದ್ದಳು. ಅವನು ಬೀಳುವುದು ಎಡಕ್ಕೆ. ಫ್ಯಾಕ್ಟರಿಯ ಎದುರು ಬೀದಿಯಲ್ಲಿ ಅವಳದೊಂದು ಇಸ್ತ್ರಿ ಅಂಗಡಿ. ಅವಳು ಇಸ್ತ್ರಿ ಮಾಡುತ್ತಿದ್ದಳು, ಅವಳ ತಾಯಿ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಬಟ್ಟೆ ಎಣಿಸಿಕೊಳ್ಳುತ್ತಾ, ಬಂದವರಿಗೆಲ್ಲ ಅಳಿಯನ ಗುಣಗಾನ ಮಾಡುತ್ತಿದ್ದಳು. ಮಗಳನ್ನು ಒಂದು ದಿಂಬಿಗೆ ಕಟ್ಟಿದೆ ಎಂಬುದೇ ಆ ಗುಣಗಾನದ ಪಲ್ಲವಿ.

ಡಾಕ್ಟರಮ್ಮ ಕಾಗದದಲ್ಲಿ ಬರೆದುಕೊಟ್ಟಳು. ಯಂತ್ರದ ಹತ್ತಿರ ಕೂರಿಸಬೇಡಿ, ನಿದ್ದೆ ಬಂದರೆ ಮಲಗಲು ಬಿಡಿ, ಮನೆಯವರಿಂದ ದೂರ ಕಳಿಸಬೇಡಿ, ಕಾಯಿಲೆಗೆ ಹೊಂದುವ ಬೇರೆ ಕೆಲಸ ಕೊಡಿ. ಹಾಗೆ ಕೊಡಬೇಕೆಂದು ಕಾನೂನೇ ಇತ್ತು. ಮ್ಯಾನೇಜರು ತಾನು ಬಹಳ ಬುದ್ಧಿವಂತ ಎಂದು ನಂಬಿದ್ದ ಮನುಷ್ಯ. ಅಂಥವರು ಯಾವ ಕಾಗದವನ್ನೂ ಪೂರ್ತಿ ಓದುವುದಿಲ್ಲ. ಕಾಯಿಲೆಗೆ ಹೊಂದುವ ಕೆಲಸ ಎಂಬಲ್ಲಿಗೆ ಬಂದವನೇ ಮೇಜು ಕುಟ್ಟಿ ಎದ್ದು ನಿಂತ. ಕಾಯಿಲೆ ನಿದ್ದೆ. ನಾವು ಮಾರುವುದು ಹಾಸಿಗೆ. ಇನ್ನೇನು ಬೇಕು?

ಜೋಂಪಯ್ಯನನ್ನು ಒಳಗೆ ಕರೆಸಿ, ನಾಳೆಯಿಂದ ನಿನಗೆ ಹೊಲಿಗೆ ವಿಭಾಗದಿಂದ ಷೋರೂಮಿಗೆ ವರ್ಗ, ಗಾಜಿನ ಕಿಟಕಿಯ ಹಿಂದೆ ಹೊಸ ಹಾಸಿಗೆಯ ಮೇಲೆ ಮಲಗುವುದೇ ನಿನ್ನ ಕೆಲಸ, ಬೀದಿಯಲ್ಲಿ ಹೋಗುವವರೆಲ್ಲ ನಿನ್ನ ನಿದ್ದೆ ನೋಡಿ ಹಾಸಿಗೆ ಕೊಳ್ಳಬೇಕು, ಆಗುತ್ತದೋ ಎಂದು ಕೇಳಿದ.

ಇಲ್ಲಿ ಜೋಂಪಯ್ಯ ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಪಾಪ, ಹುಟ್ಟಿದಾಗಿನಿಂದ ಯಾರೂ ಅವನನ್ನು ಇದು ನಿನ್ನಿಂದ ಆಗುತ್ತದೋ ಎಂದು ಮರ್ಯಾದೆಯಿಂದ ಕೇಳಿರಲಿಲ್ಲ. ಎದೆ ಉಬ್ಬಿಸಿದ. ಕಾಲ ಮೇಲೆ ಕಾಲು ಹಾಕುವುದೊಂದು ಬಾಕಿ.

"ಬೇರೆ ವಿಷಯ ಗೊತ್ತಿಲ್ಲ ಸಾರ್. ಮಲಗೋದೊಂದು ನನಗೆ ಬಿಟ್ಟುಬಿಡಿ. ಎಂಥಾ ನಿದ್ದೆ ಬೇಕು ಹೇಳಿ. ಗೊರಕೆ ಇರೋದಾ, ಇಲ್ದಿರೋದಾ?"

ಗೊರಕೆ ಸಣ್ಣಗಿರಲಿ ಎಂದು ತೀರ್ಮಾನವಾಯಿತು.

ಸಂಜೆಯ ಹೊತ್ತಿಗೆ ಅತ್ತೆಯ ಬಾಯಲ್ಲಿ ಅಳಿಯ ಆಫೀಸರಾಗಿದ್ದ. ಇಸ್ತ್ರಿಗೆ ಬಟ್ಟೆ ತಂದವರಿಗೆಲ್ಲ ಆಕೆ ಹೇಳಿದ್ದೇ ಹೇಳಿದ್ದು. ಬೇರೆ ಆಫೀಸರುಗಳು ಕುರ್ಚಿ ಮೇಲೆ ಕೂತು ಕದ್ದು ನಿದ್ದೆ ಮಾಡುತ್ತಾರೆ, ನಮ್ಮವರಿಗೆ ಕಂಪನಿಯೇ ಹಾಸಿಗೆ ಹಾಸಿ, ದಿಂಬು ಕೊಟ್ಟು, ಪಟ್ಟೆ ಪೈಜಾಮ ಹೊಲಿಸಿಕೊಟ್ಟಿದೆ. ಹೆಂಡತಿ ಮಾತ್ರ ತಲೆಯೆತ್ತದೆ ಪೈಜಾಮಕ್ಕೆ ಇಸ್ತ್ರಿ ತಿಕ್ಕುತ್ತಿದ್ದಳು. ಡಾಕ್ಟರಮ್ಮ ಹೇಳಿದ್ದು ಕೇಳಿಸಿಕೊಂಡವಳು ಅವಳೊಬ್ಬಳೇ ತಾನೆ.

ಮೊದಲ ದಿನ ಷೋರೂಮಿನ ಕಿಟಕಿಯ ಪರದೆ ಸರಿಸಿದಾಗ ಹೊರಗೆ ಜಾತ್ರೆಯಷ್ಟು ಜನ. ಮುಂದಿನ ಸಾಲಿನಲ್ಲಿ ಅತ್ತೆ. ಅವಳ ಹಿಂದೆ ಅವಳು ಕಟ್ಟಿಕೊಂಡು ಬಂದ ಅರ್ಧ ಬೀದಿ. ಜೋಂಪಯ್ಯ ಪಟ್ಟೆ ಪೈಜಾಮದಲ್ಲಿ ಬಂದು, ಒಂದು ಸಣ್ಣ ನಮಸ್ಕಾರ ಹಾಕಿ, ಬಲ ಮಗ್ಗುಲಿಗೆ ಮಲಗಿದ. ಕಣ್ಣು ಮುಚ್ಚಿದ. ನಿದ್ದೆ ಬರಲಿಲ್ಲ.

ಎಡ ಮಗ್ಗುಲಾದ. ಬರಲಿಲ್ಲ. ಅಂಗಾತ ಮಲಗಿದ. ಜೀವಮಾನದಲ್ಲಿ ಮೊದಲ ಸಲ ಅವನಿಗೆ ತನ್ನ ಎದೆ ಬಡಿತ ತನಗೇ ಕೇಳಿಸುತ್ತಿತ್ತು. ಹೆಬ್ಬೆರಳು ತುರಿಸಿತು. ಮೂಗು ತುರಿಸಿತು. ತುರಿಸಲು ಸಾಧ್ಯವೇ ಇಲ್ಲದ ಜಾಗಗಳೆಲ್ಲ ತುರಿಸಿದವು. ಕಿಟಕಿಯ ಹಿಂದೆ ನಿಂತ ಮ್ಯಾನೇಜರು ಕೆಮ್ಮಿದ. ಆ ಕೆಮ್ಮಿಗೆ ಉಳಿದಿದ್ದ ಒಂದಿಷ್ಟು ಮಂಪರೂ ಹಾರಿಹೋಯಿತು. ಬಸ್ಸಿನಲ್ಲಿ, ಮದುವೆಯಲ್ಲಿ, ಸಾವಿನ ಮನೆಯಲ್ಲಿ ಕರೆಯದೆ ಬಂದು ತಲೆ ಮೇಲೆ ಕೂರುತ್ತಿದ್ದ ನಿದ್ದೆ, ಈಗ ಸಂಬಳ ಕೊಟ್ಟು ಕರೆದರೆ ಮುಖ ತಿರುಗಿಸಿಕೊಂಡು ಹೋಯಿತು.

ಗತಿಯಿಲ್ಲದೆ ಜೋಂಪಯ್ಯ ನಟಿಸಿದ. ಬಾಯಿ ಸ್ವಲ್ಪ ತೆರೆದ. ಉಸಿರು ಎಳೆದು ಬಿಟ್ಟ. ಒಪ್ಪಂದದಂತೆ ಸಣ್ಣದೊಂದು ಗೊರಕೆ ಹೊಡೆದ. ಹೊರಗಿದ್ದವರು ಚಪ್ಪಾಳೆ ತಟ್ಟಿದರು. ನಿದ್ದೆಯಿಲ್ಲದೆ ಒದ್ದಾಡುತ್ತಿದ್ದ ನಿವೃತ್ತ ಹೆಡ್ಮಾಸ್ಟರೊಬ್ಬರು ಕಣ್ಣೀರು ತುಂಬಿಕೊಂಡು ಒಳಗೆ ಬಂದು, ಆ ಮನುಷ್ಯ ಮಲಗಿರುವಂಥದ್ದೇ ಒಂದು ಕೊಡಿ ಎಂದರು.

ಆಮೇಲೆ ಹಾಸಿಗೆಗಳು ಬಿಸಿ ಬಿಸಿಯಾಗಿ ಖರ್ಚಾದವು. ಕಿಟಕಿಯ ಮುಂದೆ ಜನ ನಿಂತು, ನೋಡಿ, ಆಕಳಿಸಿ, ಒಳಗೆ ಬರುತ್ತಿದ್ದರು. ಮ್ಯಾನೇಜರು ಷೋರೂಮಿನಲ್ಲಿ ಓಡಾಡುವಾಗ ತುದಿಗಾಲಲ್ಲಿ ನಡೆಯುತ್ತಿದ್ದ. ಹೊಸ ನೌಕರರಿಗೆ ಜೋಂಪಯ್ಯನನ್ನು ತೋರಿಸಿ, ಕೆಲಸದಲ್ಲಿ ಶ್ರದ್ಧೆ ಅಂದರೆ ಇದು ಎಂದು ಪಿಸುಮಾತಿನಲ್ಲಿ ಪಾಠ ಹೇಳುತ್ತಿದ್ದ. ಶ್ರದ್ಧಾವಂತ ನೌಕರ ಮಾತ್ರ ಮುಚ್ಚಿದ ಕಣ್ಣಿನ ಹಿಂದೆ ಗೂಬೆಯ ಹಾಗೆ ಎಚ್ಚರವಾಗಿದ್ದ.

ಇಡೀ ದಿನ ಮಲಗಿ ಮಲಗಿ ಸುಸ್ತಾಗಿ ಮನೆಗೆ ಬರುತ್ತಿದ್ದ. ಹೆಂಡತಿಯ ಮುಖ ಕಂಡದ್ದೇ ಭಯವೆಲ್ಲ ಇಳಿದು, ತಟ್ಟೆಯ ಮುಂದೆ ಕೂತಲ್ಲೇ ಎಡಕ್ಕೆ ವಾಲುತ್ತಿದ್ದ. ಹೆಂಡತಿ ತಟ್ಟೆ ಸರಿಸಿ ಹೆಗಲು ಕೊಡುತ್ತಿದ್ದಳು. ಅತ್ತೆ ಗಲ್ಲಕ್ಕೆ ಕೈಯಿಟ್ಟುಕೊಂಡು, ಅಲ್ಲಿ ದಿನವೆಲ್ಲಾ ಡ್ಯೂಟಿ, ಇಲ್ಲಿ ಓವರ್‌ಟೈಮು, ಕಂಪನಿಗಾಗಿ ಪ್ರಾಣ ಬಿಡುತ್ತಾನೆ ಇವನು ಎನ್ನುತ್ತಿದ್ದಳು.

ಒಂದು ಸಂಜೆ ರಸ್ತೆ ದಾಟುವಾಗ ಜೋಂಪಯ್ಯ ಹೆಂಡತಿಗೆ ಗುಟ್ಟು ಬಿಟ್ಟುಕೊಟ್ಟ. ಷೋರೂಮಿಗೆ ಹೋದ ದಿನದಿಂದ ಅಲ್ಲಿ ಒಂದು ರೆಪ್ಪೆಯೂ ಅಂಟಿಲ್ಲ, ಬರೀ ನಾಟಕ, ಯಾರಿಗಾದರೂ ಗೊತ್ತಾದರೆ ಕೆಲಸ ಹೋಗುತ್ತದೆ ಎಂದು ಬಿಕ್ಕಿದ.

"ಊರಲ್ಲಿರೋ ಗಂಡಸರೆಲ್ಲಾ ಕೆಲಸದಲ್ಲಿ ಮಲಗಿದ್ದು ಸಿಕ್ಕಿಬಿದ್ದರೆ ಅಂತ ಹೆದರ್ತಾರೆ" ಎಂದಳು ಹೆಂಡತಿ. "ನೀವೊಬ್ಬರೇ ನೋಡಿ, ಎದ್ದಿದ್ದು ಸಿಕ್ಕಿಬಿದ್ದರೆ ಅಂತ ಹೆದರೋರು."

ಜೋಂಪಯ್ಯನಿಗೆ ನಗು ಬಂತು. ಅವಳಿಗೆ ತನ್ನ ತಪ್ಪು ತಿಳಿಯುವಷ್ಟರಲ್ಲಿ ಅವನು ನಡುರಸ್ತೆಯಲ್ಲಿ ಅವಳ ಹೆಗಲ ಮೇಲೆ ಮಲಗಿದ್ದ. ಎರಡೂ ಕಡೆಯ ಗಾಡಿಗಳು ಹಾರನ್ ಹೊಡೆದದ್ದೇ ಹೊಡೆದದ್ದು. ಅವಳು ಅವನನ್ನು ಇಸ್ತ್ರಿ ಬಟ್ಟೆಯ ಗಂಟಿನಂತೆ ಆನಿಸಿಕೊಂಡು ಆಚೆ ದಾಟಿಸಿದಳು.

ಸಿಕ್ಕಿಬಿದ್ದದ್ದು ಮಾತ್ರ ಜೋಂಪಯ್ಯನ ಒಳ್ಳೆಯ ಗುಣದಿಂದಲೇ. ಮಾರನೆಯ ವಾರ ಷೋರೂಮಿನಲ್ಲಿ ಗಿರಾಕಿಗಳು ಗಿಜಿಗುಡುತ್ತಿದ್ದರು. ಅರೆಗಣ್ಣಿನಲ್ಲಿ ನೋಡುತ್ತಿದ್ದ ಜೋಂಪಯ್ಯನಿಗೆ ಒಬ್ಬ ಕೋಟಿನವನು ಕಾಣಿಸಿದ. ಬರುವಾಗ ಸಣಕಲನಾಗಿದ್ದವನು ಹೋಗುವಾಗ ತುಂಬು ಬಸುರಿಯ ಹಾಗೆ ಹೊಟ್ಟೆ ಮುಂದೆ ಮಾಡಿಕೊಂಡು ಬಾಗಿಲತ್ತ ನಡೆಯುತ್ತಿದ್ದ. ಕೋಟಿನ ಸಂದಿಯಲ್ಲಿ ದಿಂಬಿನ ಮೂಲೆ ಇಣುಕುತ್ತಿತ್ತು. ಅದು ಜೋಂಪಯ್ಯ ತನ್ನ ಕೈಯಾರೆ ಅಂಚು ಹೊಲಿದ ದಿಂಬು. ಇರುವೆ ಸಾಲು ಗುರುತು ಸಿಗದೆ ಇರುತ್ತದೆಯೇ.

"ಏಯ್, ದಿಂಬು ಇಟ್ಟು ಹೋಗಯ್ಯಾ!"

ಹಾಸಿಗೆಯಿಂದ ಎಗರಿ, ಗಿರಾಕಿಗಳನ್ನು ಹಾರಿ, ಪೈಜಾಮದ ಲಾಡಿ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಕಳ್ಳನ ಕಾಲರು ಹಿಡಿದ. ದಿಂಬು ಕೆಳಗೆ ಬಿತ್ತು. ಕಳ್ಳನ ಕಡೆ ಯಾರೂ ನೋಡಲಿಲ್ಲ. ಎಲ್ಲರೂ ನೋಡಿದ್ದು ಜೋಂಪಯ್ಯನನ್ನು. ಕಳ್ಳನೂ ಅವನನ್ನೇ ನೋಡಿ, ನಂಬಿಸಿ ಮೋಸ ಮಾಡಿದೆಯಲ್ಲಯ್ಯಾ ಎಂದು ನೊಂದು ನುಡಿದ. ಅದೇ ಗಲಿಬಿಲಿಯಲ್ಲಿ ಹೊರಟೂ ಹೋದ.

ಗುಂಪಿನಲ್ಲಿದ್ದ ಹೆಡ್ಮಾಸ್ಟರು ಮುಂದೆ ಬಂದರು. ನಾನು ಕೊಂಡ ಹಾಸಿಗೆಯಲ್ಲಿ ಒಂದು ರಾತ್ರಿಯೂ ನಿದ್ದೆ ಬಂದಿಲ್ಲ, ತಪ್ಪು ನನ್ನದೇ ಇರಬೇಕೆಂದು ಸುಮ್ಮನಿದ್ದೆ, ಈಗ ನೋಡಿದರೆ ಇವನಿಗೇ ಬರುತ್ತಿರಲಿಲ್ಲ ಎಂದು ಮ್ಯಾನೇಜರ ಮುಖಕ್ಕೆ ಹೇಳಿದರು. ಕೊಳ್ಳಲು ಕೈ ಚಾಚಿದ್ದವರೆಲ್ಲ ಕೈ ಹಿಂದಕ್ಕೆ ಎಳೆದುಕೊಂಡರು.

ಸಂಜೆ ಜೋಂಪಯ್ಯನ ಕೈಗೆ ಒಂದು ನೋಟೀಸು ಬಂತು. ಪ್ರಪಂಚದ ಯಾವ ಕಾರ್ಖಾನೆಯಲ್ಲೂ ಯಾವ ನೌಕರನ ಮೇಲೂ ಇಂಥ ಆಪಾದನೆ ಬಂದಿರಲಾರದು. ಡ್ಯೂಟಿಯ ವೇಳೆಯಲ್ಲಿ ಎಚ್ಚರವಾಗಿದ್ದುದು ಕಂಡುಬಂದಿದೆ. ಎಚ್ಚರವಿರುವವನಿಗೆ ನಿದ್ದೆಯ ಕಾಯಿಲೆ ಇರಲಾರದು. ಕಾಯಿಲೆ ಇಲ್ಲದವನಿಗೆ ಅನುಕೂಲ ಮಾಡಿಕೊಡಬೇಕಾಗಿಲ್ಲ. ವೈದ್ಯಕೀಯ ಮಂಡಳಿಯ ಮುಂದೆ ಕಾಯಿಲೆ ರುಜುವಾಗದಿದ್ದರೆ ಅವನನ್ನು ಕಂಪನಿಯ ಹತ್ತಿ ಗೋದಾಮಿಗೆ ವರ್ಗ ಮಾಡಲಾಗುವುದು.

ಆ ಗೋದಾಮು ಇದ್ದದ್ದು ನದಿಯಾಚೆ, ರೈಲಿಳಿದು ಬಸ್ಸು ಹತ್ತಿ, ಬಸ್ಸಿಳಿದು ಲಾರಿ ಹತ್ತಿ ಹೋಗುವಂಥ ಜಾಗದಲ್ಲಿ. ಕಲ್ಲು ನೆಲ. ಹತ್ತಿ ಒತ್ತಿ ಮೂಟೆ ಮಾಡುವ ಕಬ್ಬಿಣದ ಯಂತ್ರಗಳು. ಕುಟುಂಬ ಇರುವುದಕ್ಕೆ ಮನೆಯಿಲ್ಲ. ಒಂಟಿಯಾಗಿ ಹೋಗಬೇಕು.

ಅತ್ತೆ ಗಲ್ಲಾಪೆಟ್ಟಿಗೆಯ ಮುಂದೆ ಕೂತು ನೋಟೀಸು ಓದಿಸಿಕೊಂಡಳು. ಆವತ್ತು ಬಟ್ಟೆ ತಂದವರಿಗೆ ಗುಣಗಾನ ಕೇಳಿಸಲಿಲ್ಲ. ಹೆಂಡತಿ ಒಂದೇ ಅಂಗಿಯನ್ನು ತಿಕ್ಕಿದ್ದೇ ತಿಕ್ಕಿದ್ದು. ಕೊನೆಗೆ ಇಸ್ತ್ರಿಪೆಟ್ಟಿಗೆ ನಿಲ್ಲಿಸಿ, ಅಲ್ಲಿ ನಿಮ್ಮ ಎಡಕ್ಕೆ ಯಾರು ನಡೀತಾರೆ ಎಂದು ಕೇಳಿದಳು. ಜೋಂಪಯ್ಯ ತನ್ನ ಎಡಗಡೆ ಒಮ್ಮೆ ನೋಡಿಕೊಂಡ. ಅವನು ರಾತ್ರಿಯೂ ಮಲಗಲಿಲ್ಲ.

ಮಂಡಳಿ ಬಂದದ್ದು ಊಟವಾದ ಮೇಲೆ. ಮ್ಯಾನೇಜರು ಅವರಿಗೆ ಎಂಥಾ ಊಟ ಹಾಕಿಸಿದ್ದ ಎಂದರೆ ಮೂವರೂ ಸೊಂಟಪಟ್ಟಿ ಒಂದು ತೂತು ಸಡಿಲಿಸಿಕೊಂಡೇ ಒಳಗೆ ಬಂದರು. ಒಬ್ಬರು ಕನ್ನಡಕದ ದೊಡ್ಡ ಡಾಕ್ಟರು, ಅವರೇ ಅಧ್ಯಕ್ಷರು. ಇನ್ನೊಬ್ಬರು ಹೆಡ್ಡಾಫೀಸಿನವರು. ಮತ್ತೊಬ್ಬರು ಕಾರ್ಮಿಕ ಇಲಾಖೆಯವರು. ವಿಚಾರಣೆ ಎಲ್ಲಿ ನಿದ್ದೆ ಮಾಡಬೇಕಿತ್ತೋ ಅಲ್ಲೇ ನಡೆಯಲಿ ಎಂದು ಮ್ಯಾನೇಜರು ಷೋರೂಮಿನಲ್ಲೇ ಏರ್ಪಾಟು ಮಾಡಿದ್ದ. ಮರೆತದ್ದು ಒಂದೇ, ಷೋರೂಮಿನಲ್ಲಿ ಕುರ್ಚಿಗಳಿರಲಿಲ್ಲ. ಹಾಸಿಗೆ ಅಂಗಡಿಯಲ್ಲಿ ಕುರ್ಚಿ ಯಾಕೆ ಇರುತ್ತದೆ. ಮೂವರೂ ಸಾಲಾಗಿ ಮೂರು ಹಾಸಿಗೆಗಳ ಅಂಚಿನಲ್ಲಿ ಬೆನ್ನು ನೇರ ಮಾಡಿಕೊಂಡು ಕೂತರು. ನಾಲ್ಕನೆಯದರ ಮೇಲೆ ಪಟ್ಟೆ ಪೈಜಾಮದ ಜೋಂಪಯ್ಯ. ಒಂದು ಪಕ್ಕದಲ್ಲಿ ಅತ್ತೆ, ಹೆಂಡತಿ, ಡಾಕ್ಟರಮ್ಮ. ಗಾಜಿನ ಆಚೆ, ಕೇಳಬೇಕೇ, ಇಡೀ ಬೀದಿ.

ಡಾಕ್ಟರಮ್ಮ ಮೊದಲೇ ಹೇಳಿನೋಡಿದಳು. ಹೆದರಿಸಿ ಮಲಗಿಸಿದರೆ ನಿದ್ದೆ ಬರುವುದಿಲ್ಲ, ಅದೂ ಈ ಕಾಯಿಲೆಯ ಲಕ್ಷಣವೇ. ಅಧ್ಯಕ್ಷರು ಕೈಯೆತ್ತಿ ತಡೆದರು. ಪರೀಕ್ಷೆ ಅಂದರೆ ಪರೀಕ್ಷೆ. ನನಗೂ ವರ್ಷಗಳಿಂದ ಸರಿಯಾಗಿ ನಿದ್ದೆಯಿಲ್ಲ, ಹಾಗಂತ ನಾನೇನು ರಜೆ ಕೇಳಿದ್ದೇನೆಯೇ ಎಂದರು.

ಮ್ಯಾನೇಜರು ಗುಮಾಸ್ತನಿಗೆ ಸನ್ನೆ ಮಾಡಿದ. ಕಾಯಿಲೆಯ ನೌಕರರ ವರ್ಗಾವಣೆ ಮತ್ತು ಅನುಕೂಲಗಳ ನಿಯಮಗಳನ್ನು ಆರಂಭದಿಂದ ಓದಬೇಕು, ಅಷ್ಟರಲ್ಲಿ ಆರೋಪಿ ಮಲಗಬೇಕು, ಮಲಗದಿದ್ದರೆ ಗೋದಾಮು. ಗುಮಾಸ್ತನದು ಹಳೆಯ ಟೇಬಲ್ ಫ್ಯಾನಿನ ದನಿ. ಅತ್ತಿಂದಿತ್ತ ತಿರುಗುತ್ತಾ ಒಂದೇ ಸಮನೆ ಓದಿದ.

"ಸದರಿ ನೌಕರನು ಸದರಿ ಕಾಯಿಲೆಯ ನಿಮಿತ್ತ ಸದರಿ ಸ್ಥಳದಲ್ಲಿ ಸದರಿ ಕೆಲಸವನ್ನು ನಿರ್ವಹಿಸಲು ಅಸಮರ್ಥನಾದಲ್ಲಿ, ಸದರಿ ಸ್ಥಳದಿಂದ ಸದರಿ ನೌಕರನನ್ನು..."

ಜೋಂಪಯ್ಯ ಕಣ್ಣು ಬಿಗಿಯಾಗಿ ಮುಚ್ಚಿ ನಿದ್ದೆಯನ್ನು ಕಾಲು ಹಿಡಿದು ಬೇಡಿಕೊಂಡ. ಎಷ್ಟೊಂದು ಸಲ ಬೇಡದಿದ್ದಾಗ ಬಂದಿದ್ದೀಯ, ಒಂದೇ ಒಂದು ಸಲ ಬೇಕಾದಾಗ ಬಾ ತಾಯಿ. ಬರಲಿಲ್ಲ. ಬದಲಿಗೆ ಕಲ್ಲು ನೆಲ ಕಣ್ಣ ಮುಂದೆ ಬಂತು. ಕಬ್ಬಿಣದ ಯಂತ್ರ ಬಂತು. ಎಡಗಡೆ ಖಾಲಿ ಇದ್ದ ರಸ್ತೆ ಬಂತು. ಸೋತು ಕಣ್ಣು ಬಿಟ್ಟ.

ಬಿಟ್ಟ ಕಣ್ಣು ಬಿಟ್ಟ ಹಾಗೇ ನಿಂತವು.

ಹೆಡ್ಡಾಫೀಸಿನವರು ದಿಂಬು ತಬ್ಬಿಕೊಂಡು ಮಗುವಿನಂತೆ ಮುದುರಿದ್ದರು. ಕಾರ್ಮಿಕ ಇಲಾಖೆಯವರು ಕಾಲು ನೆಲದ ಮೇಲಿಟ್ಟೇ ಬೆನ್ನು ಹಿಂದಕ್ಕೆ ಚೆಲ್ಲಿದ್ದರು. ಅಧ್ಯಕ್ಷರಂತೂ ಬೂಟು ಸಮೇತ ಪೂರ್ತಿ ಹಾಸಿಗೆಯನ್ನು ಆಕ್ರಮಿಸಿ, ಲಾರಿ ಏರು ಹತ್ತಿದಂತೆ ಗೊರಕೆ ಹೊಡೆಯುತ್ತಿದ್ದರು. ದಿಂಬಿನ ರಾಶಿಗೆ ಒರಗಿದ್ದ ಮ್ಯಾನೇಜರು ಅದರೊಳಗೆ ಅರ್ಧ ಮುಳುಗಿದ್ದ. ಗುಮಾಸ್ತ ಕೊನೆಯ ಸದರಿಯೊಂದನ್ನು ಉದ್ದಕ್ಕೆ ಎಳೆದು, ಗೋಡೆಗೆ ನಿಲ್ಲಿಸಿದ ಸುರುಳಿ ಹಾಸಿಗೆಗೆ ಆತುಕೊಂಡು ನಿಂತಲ್ಲೇ ನಿದ್ದೆಹೋಗಿದ್ದ. ಡಾಕ್ಟರಮ್ಮ ನಗು ತಡೆಯಲು ಬಾಯಿಗೆ ಕರವಸ್ತ್ರ ತುರುಕಿಕೊಂಡಿದ್ದಳು.

ಜೋಂಪಯ್ಯನಿಗೆ ಎಂದೂ ಇಂಥ ಅನುಭವ ಆಗಿರಲಿಲ್ಲ. ಕೋಣೆ ತುಂಬ ಜನ ಮಲಗಿ ತಾನು ಎದ್ದಿರುವುದು ಅಂದರೆ ಹೀಗಿರುತ್ತದೋ ಎಂದು ಅತ್ತಿತ್ತ ನೋಡಿದ. ಪಾಪ, ಜನ ಎಷ್ಟು ನಿಸ್ಸಹಾಯಕರು. ಅವನಿಗೆ ಮರುಕವಾಯಿತು. ಸದ್ದಿಲ್ಲದೆ ಎದ್ದು ಅಧ್ಯಕ್ಷರ ಬೂಟು ಕಳಚಿದ, ಕನ್ನಡಕ ತೆಗೆದು ಪಕ್ಕಕ್ಕಿಟ್ಟ, ತಲೆಯಡಿ ದಿಂಬು ಸರಿಮಾಡಿದ. ಇನ್ನಿಬ್ಬರಿಗೂ ಹೊದಿಕೆ ಎಳೆದ. ಹೊದಿಸುವಾಗ ಅಧ್ಯಕ್ಷರ ಹಾಸಿಗೆಯ ಅಂಚು ಒಂದು ಕಡೆ ಬಿಚ್ಚಿದ್ದು ಕಣ್ಣಿಗೆ ಬಿತ್ತು. ಯಂತ್ರದ ಹೊಲಿಗೆ, ಗಡಿಬಿಡಿಯ ಕೆಲಸ. ನೋಡಿಕೊಂಡು ಸುಮ್ಮನಿರಲು ಅವನ ಕೈಯಲ್ಲಿ ಆಗಲಿಲ್ಲ. ಕಪಾಟಿನಿಂದ ದಬ್ಬಣ, ದಾರ ತಂದು, ಹಾಸಿಗೆಯ ಮೂಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಕೈಹೊಲಿಗೆ ಹಾಕತೊಡಗಿದ.

ಗಾಜಿನ ಆಚೆ ಬೀದಿ ಬಾಯಿಬಿಟ್ಟುಕೊಂಡು ನಿಂತಿತ್ತು. ಮೊದಲು ಚೇತರಿಸಿಕೊಂಡವರು ಹೆಡ್ಮಾಸ್ಟರು. ಸಂಬಳಕ್ಕೆ ಮಲಗಿದವನನ್ನು ನಂಬಿ ಕೆಟ್ಟಿದ್ದೇನೋ ನಿಜ, ಆದರೆ ಇವರು ವಿಚಾರಣೆ ಮಾಡಲು ಬಂದವರು, ಮಲಗಬಾರದೆಂದೇ ಬಂದವರು, ಇವರನ್ನೇ ಕೆಡವಿದ ಹಾಸಿಗೆ ಎಂದರೆ ಸಾಮಾನ್ಯವಲ್ಲ. ಅಧ್ಯಕ್ಷರು ಮಲಗಿರುವುದೇ ಬೇಕು ಎಂದು ಬಾಗಿಲು ತಟ್ಟಿದರು. ಅವರ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ತಟ್ಟುವ ಸದ್ದಿಗೆ ಅಧ್ಯಕ್ಷರು ಕಣ್ಣುಬಿಟ್ಟು, ಗಂಭೀರವಾಗಿ, ಎಷ್ಟನೇ ನಿಯಮಕ್ಕೆ ಬಂದೆವು ಎಂದು ಕೇಳಿದರು. ಹೇಳಬೇಕಾದ ಗುಮಾಸ್ತ ಇನ್ನೂ ಸುರುಳಿಗೆ ಅಂಟಿಕೊಂಡಿದ್ದ.

ಒಬ್ಬೊಬ್ಬರಾಗಿ ಎದ್ದರು. ಎದ್ದವರು ಬೂಟು ಹುಡುಕಿದರು, ಕ್ರಾಪು ಸವರಿಕೊಂಡರು, ಛಾವಣಿ ನೋಡಿದರು. ಮ್ಯಾನೇಜರು ದಿಂಬುಗಳ ನಡುವಿನಿಂದ ತಲೆ ಎತ್ತಿ, ಮಲಗುವುದು ಬಿಟ್ಟು ಹೊಲಿಯುತ್ತಾ ಕೂತ ಜೋಂಪಯ್ಯನನ್ನು ಕಂಡು, ನೋಡಿ ಸಾರ್, ಈಗಲೂ ಎಚ್ಚರವಾಗಿಯೇ ಇದ್ದಾನೆ, ಮೋಸ ರುಜುವಾಯಿತು ಎಂದ. ಅವನ ಕಿವಿಗೆ ಹತ್ತಿಯ ಎಳೆಯೊಂದು ಓಲೆಯ ಹಾಗೆ ನೇತಾಡುತ್ತಿತ್ತು.

ಅಲ್ಲಿಯವರೆಗೆ ಅತ್ತೆ ತುಟಿ ಬಿಚ್ಚಿರಲಿಲ್ಲ. ಅಷ್ಟು ಹೊತ್ತು ಆಕೆ ಬಾಯಿ ಮುಚ್ಚಿಕೊಂಡಿದ್ದು ಮಗಳಿಗೂ ಅದೇ ಮೊದಲು. ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

"ಹೇಳ್ತೀನಿ ಅಂತ ಬೇಜಾರ್ ಮಾಡ್ಕೋಬೇಡಿ ಸಾರ್. ನೀವು ಮಲಗಿದ್ರೆ ಅದು ವಿಚಾರಣೆ. ನಮ್ಮ ಅಳಿಯ ಮಲಗಿದ್ರೆ ಕಾಯಿಲೆ, ಮಲಗದೇ ಇದ್ರೆ ಮೋಸ. ಆ ಪ್ರಾಣಿ ಯಾವ ಮಗ್ಗುಲಿಗೆ ಹೊರಳಬೇಕು, ಅದಾದ್ರೂ ಹೇಳಿಬಿಡಿ, ಕರ್ಕೊಂಡು ಹೋಗಿ ಹೊರಳಿಸ್ತೀವಿ."

ಕಾರ್ಮಿಕ ಇಲಾಖೆಯವರು ಕೆಮ್ಮಿದರು. ಹೆಡ್ಡಾಫೀಸಿನವರು ತಬ್ಬಿದ್ದ ದಿಂಬನ್ನು ಮೆಲ್ಲಗೆ ಕೆಳಗಿಟ್ಟರು. ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಅತ್ತೆಯನ್ನೇ ನೋಡಿದರು, ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಇಂಥ ನಿದ್ದೆ ಆದ ಮನುಷ್ಯನಿಗೆ ಕೋಪ ಎಲ್ಲಿಂದ ಬರಬೇಕು. ಜೋಂಪಯ್ಯನನ್ನು ಹತ್ತಿರ ಕರೆದು, ಇಷ್ಟು ದಿನ ನಟಿಸುತ್ತಿದ್ದೆಯೋ ಎಂದು ಕೇಳಿದರು. ಅವನು ದಬ್ಬಣ ಹಿಡಿದುಕೊಂಡೇ ಎದ್ದು ನಿಂತು, ಹೌದು ಸಾರ್, ಹೊಲಿಗೆಗಿಂತ ಬಹಳ ಕಷ್ಟದ ಕೆಲಸ, ಇನ್ನು ನನ್ನಿಂದ ಆಗಲ್ಲ ಎಂದ. ಅಧ್ಯಕ್ಷರು ಡಾಕ್ಟರಮ್ಮನ ಕಡೆ ತಿರುಗಿ, ನೀವು ಮೊದಲೇ ಹೇಳಿದಿರಿ, ನಾನು ಕೇಳಲಿಲ್ಲ ಎಂದರು. ಕಾಯಿಲೆ ಇರುವುದು ಸರಿ, ಆದರೆ ಇವನನ್ನು ಎಲ್ಲಿ ಇಡುವುದು ಎಂದು ಗಲ್ಲ ಕೆರೆದುಕೊಂಡರು.

ಉತ್ತರ ಹೇಳಿದವಳು ಹೆಂಡತಿ. ಅವಳು ದನಿ ಎತ್ತಲಿಲ್ಲ.

"ಇವರು ಯಾವಾಗ ಬೀಳ್ತಾರೋ ದೇವರಿಗೂ ಗೊತ್ತಿಲ್ಲ ಸಾರ್. ಬೀಳೋದಂತೂ ಬೀಳ್ತಾರೆ. ಬಿದ್ದರೆ ಮೆತ್ತಗಿರೋ ಕಡೆ ಬೀಳಲಿ. ಈ ಊರಲ್ಲಿ ಎಲ್ಲಿ ಬಿದ್ದರೂ ಮೆತ್ತಗಿರೋ ಜಾಗ ಅಂದ್ರೆ ಇದೊಂದೇ. ಇಲ್ಲೇ ಕೂತು ಕೈಹೊಲಿಗೆ ಹಾಕ್ಲಿ. ಕೈ ಸಡಿಲಾದ್ರೆ ದಬ್ಬಣ ತಾನೇ ಜಾರಿ ಬೀಳುತ್ತೆ, ಯಂತ್ರದ ಹಾಗೆ ಅಂಗಿ ಸೇರಿಸಿ ಹೊಲಿಯಲ್ಲ."

ಇಷ್ಟು ಸುಲಭದ ವಿಷಯ ಹೊಳೆಯಲು ಇಷ್ಟೊಂದು ಸದರಿಗಳು ಬೇಕಾಗಿದ್ದವೇ ಎಂದು ಎಲ್ಲರೂ ಗುಮಾಸ್ತನನ್ನು ನೋಡಿದರು. ಅವನು ಆಗಷ್ಟೇ ಎಚ್ಚೆತ್ತು, ತಪ್ಪು ತನ್ನದೇ ಇರಬೇಕೆಂದು ತಲೆ ತಗ್ಗಿಸಿದ. ಬಾಗಿಲಾಚೆ ಹಾಸಿಗೆಗಾಗಿ ತಳ್ಳಾಟ ಹೆಚ್ಚುತ್ತಿತ್ತು. ಮ್ಯಾನೇಜರು ಒಮ್ಮೆ ಬಾಗಿಲಿನ ಕಡೆ, ಒಮ್ಮೆ ಜೋಂಪಯ್ಯನ ಕಡೆ ನೋಡಿ, ನಾನೂ ಮೊದಲಿನಿಂದ ಇದನ್ನೇ ಯೋಚಿಸುತ್ತಿದ್ದೆ ಸಾರ್ ಎಂದ. ಅತ್ತೆ ಅವನ ಕಿವಿಯ ಹತ್ತಿಯನ್ನು ತೆಗೆದು ಅವನ ಕೈಗೇ ಕೊಟ್ಟಳು.

ಅಧ್ಯಕ್ಷರು ಆದೇಶ ಹೇಳತೊಡಗಿದರು, ಗುಮಾಸ್ತ ಬರೆದುಕೊಂಡ. ಗೋದಾಮಿನ ವರ್ಗಾವಣೆ ರದ್ದು. ಯಂತ್ರದ ಕೆಲಸ ಇಲ್ಲ. ಈ ಷೋರೂಮಿನಲ್ಲೇ, ಹಾಸಿಗೆಯ ಮೇಲೇ ಕೂತು ಕೈಹೊಲಿಗೆ ಹಾಕತಕ್ಕದ್ದು. ನಿದ್ದೆ ಬಂದರೆ ಮಲಗತಕ್ಕದ್ದು. ಬರದಿದ್ದರೆ ಎಚ್ಚರವಾಗಿರುವುದಕ್ಕೆ ಯಾರೂ ಆಕ್ಷೇಪಿಸತಕ್ಕದ್ದಲ್ಲ.

ಗೋದಾಮು ರದ್ದು ಎಂಬ ಮಾತು ಕಿವಿಗೆ ಬಿದ್ದಾಗ ಹೆಂಡತಿ ಜೋಂಪಯ್ಯನ ಬಲಕ್ಕೆ ನಿಂತಿದ್ದಳು. ಅವನ ತುಟಿಯ ಮೂಲೆ ಸಣ್ಣಗೆ ಅಲುಗಿದ್ದನ್ನು ನೋಡಿದಳು. ಆ ಅಲುಗಾಟ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಯಾರಿಗೂ ಏನೂ ಹೇಳದೆ, ಅಧ್ಯಕ್ಷರ ಬೆನ್ನ ಹಿಂದಿನಿಂದ ಬಳಸಿಕೊಂಡು ಬಂದು ಅವನ ಎಡಕ್ಕೆ ನಿಂತಳು, ಕೈಯಿಂದ ದಬ್ಬಣ ತೆಗೆದುಕೊಂಡಳು.

ಅಧ್ಯಕ್ಷರು ಸಹಿ ಹಾಕಿ, ಒಪ್ಪಿಗೆ ತಾನೆ, ನೀನೂ ಒಂದು ಸಹಿ ಹಾಕು ಎಂದು ಪೆನ್ನು ಚಾಚಿದರು. ಜೋಂಪಯ್ಯ ಮುಖ ತುಂಬ ನಕ್ಕ. ಮೊಣಕಾಲು ಸಡಿಲಿದವು. ಹೆಂಡತಿಯ ಹೆಗಲಿಗೆ ತಲೆ ತಾಗಿತು, ಹೆಗಲಿನಿಂದ ಹಾಸಿಗೆಗೆ ಇಳಿಯಿತು, ಅಲ್ಲಿಂದ ಒಂದು ಗೊರಕೆ ಹೊರಟಿತು. ಇದರಲ್ಲಿ ನಾಟಕವಿರಲಿಲ್ಲ. ಗಾಜು ಸಣ್ಣಗೆ ಅದುರಿತು.

ಬಾಗಿಲು ತೆಗೆದ ಕೂಡಲೇ ಗಿರಾಕಿಗಳು ನನಗೆ ತನಗೆ ಎಂದು ಕೂಗಾಡುತ್ತಾ ಒಳಗೆ ನುಗ್ಗಿದರು. ಅತ್ತೆ ಎರಡೂ ಕೈ ಚಾಚಿ ಅವರನ್ನು ತಡೆದು ನಿಲ್ಲಿಸಿದಳು.

"ಮೆತ್ತಗೆ ಮಾತಾಡ್ರಪ್ಪಾ" ಎಂದಳು. "ನಮ್ಮ ಅಳಿಯಂದಿರು ಡ್ಯೂಟಿ ಮೇಲಿದ್ದಾರೆ."